ಹಣ್ಣಿನ ಪೈಗೆ ಯಾವ ತಟ್ಟೆ? ನಾಲ್ಕು ಬಗೆಯ ತಟ್ಟೆ, ಆರು ಹೂರಣ

ಅಂಗಡಿಯಲ್ಲಿ ಪೈ ತಟ್ಟೆ ಕೈಗೆತ್ತಿಕೊಂಡವರು ಮೊದಲು ನೋಡುವುದು ಅದರ ಬಣ್ಣ, ಅಲೆಅಲೆಯಾದ ಅಂಚು, ಊಟದ ಮೇಜಿನ ಮೇಲೆ ಅದು ಕಾಣುವ ಚಂದ. ನೋಡಬೇಕಾದ್ದು ತಳ. ಹಣ್ಣಿನ ಪೈ, ಅಂದರೆ ಹಿಟ್ಟಿನ ಎರಡು ಪದರಗಳ ನಡುವೆ ಹಣ್ಣಿನ ಹೂರಣ ತುಂಬಿ ಬೇಯಿಸುವ ತಿನಿಸು, ಕೆಡುವುದು ಹೆಚ್ಚಾಗಿ ಅಲ್ಲೇ. ಮೇಲಿನ ಮುಚ್ಚಳ ಹೊಂಬಣ್ಣಕ್ಕೆ ತಿರುಗಿ ಮನೆಯೆಲ್ಲ ಘಮಘಮ ಎನ್ನುತ್ತಿರುತ್ತದೆ, ಕತ್ತರಿಸಿ ಎತ್ತಿದರೆ ಕೆಳಗಿನ ಹಿಟ್ಟು ಮಾತ್ರ ಬೇಯದ ಚಪಾತಿಯ ಹಾಗೆ ಬಿಳಿಚಿಕೊಂಡು ಹಸಿಹಸಿ, ಅಂಟಂಟು. ಮನೆಯ ಓಟಿಜಿಯಲ್ಲಿ (ಓವನ್, ಟೋಸ್ಟರ್, ಗ್ರಿಲ್ ಮೂರೂ ಆಗುವ ವಿದ್ಯುತ್ ಒಲೆ) ಈ ತೊಂದರೆ ಇನ್ನೂ ಹೆಚ್ಚು. ಆದ್ದರಿಂದ ಈ ವಿಮರ್ಶೆಯಲ್ಲಿ ತಟ್ಟೆಗಳನ್ನು ಅಳೆದದ್ದು ಒಂದೇ ಅಳತೆಗೋಲಿನಿಂದ: ರಸ ತುಂಬಿದ ಹೂರಣ ಮೇಲೆ ಕೂತಿರುವಾಗಲೂ ತಳ ಗರಿಗರಿಯಾಗಿ ಬೇಯುತ್ತದೆಯೇ, ಇಲ್ಲವೇ?

ಇಲ್ಲಿ ಹೇಳುವುದೆಲ್ಲ 9 ಇಂಚಿನ ತಟ್ಟೆಗೆ, 25ರಿಂದ 35 ಲೀಟರಿನ, ಕೆಳಗೂ ಮೇಲೂ ರಾಡ್ ಇರುವ ಮಾಮೂಲು ಓಟಿಜಿಗೆ ಅನ್ವಯಿಸುತ್ತದೆ. 9 ಇಂಚು ಎಂದು ಬರೆದಿದ್ದರೂ ಅಳೆದೇ ಕೊಳ್ಳಿ. ಕೆಲವು ಕಂಪನಿಗಳು ಅಂಚಿನ ಹೊರಗಿನಿಂದ ಹೊರಗಿನವರೆಗೆ ಅಳೆಯುತ್ತವೆ, ಕೆಲವು ಒಳಗಿನಿಂದ ಒಳಗಿನವರೆಗೆ. ಆಳ 3 ಸೆಂಟಿಮೀಟರಿನಿಂದ 5 ಸೆಂಟಿಮೀಟರಿನವರೆಗೂ ಇರುತ್ತದೆ. 3 ಸೆಂಟಿಮೀಟರ್ ಆಳದ ತಟ್ಟೆಗೆ ಹೆಚ್ಚುಕಡಿಮೆ ಒಂದು ಲೀಟರ್ ಹೂರಣ ಸಾಕು. 5 ಸೆಂಟಿಮೀಟರಿನದಕ್ಕೆ ಒಂದೂವರೆ ಲೀಟರ್ ಬೇಕು, ಬೇಯಲು ಕಾಲು ಗಂಟೆಯಾದರೂ ಹೆಚ್ಚು ಹಿಡಿಯುತ್ತದೆ. ಹೊಸದಾಗಿ ಕಲಿಯುವವರಿಗೆ ಆಳ ಕಡಿಮೆಯಿರುವುದೇ ಒಳ್ಳೆಯದು. ಬದಿಗಳು ನೆಟ್ಟಗಿರದೆ ಹೊರಕ್ಕೆ ವಾಲಿರಬೇಕು, ಇಲ್ಲದಿದ್ದರೆ ಬದಿಯ ಹಿಟ್ಟು ಜಾರಿ ಕೆಳಗೆ ಕುಸಿಯುತ್ತದೆ.

ಮೊದಲು ಅಲ್ಯೂಮಿನಿಯಂ. ನಾನ್‌ಸ್ಟಿಕ್ ಲೇಪವಿಲ್ಲದ, ಬಣ್ಣವಿಲ್ಲದ, ಒಂದು ಮಿಲಿಮೀಟರ್ ಅಥವಾ ಅದಕ್ಕಿಂತ ತುಸು ದಪ್ಪದ ಸಾದಾ ತಟ್ಟೆ. ಬೇಕರಿ ಸಾಮಾನು ಮಾರುವ ಅಂಗಡಿಗಳಲ್ಲಿ ಸಿಗುತ್ತದೆ. ನೋಡಲು ಏನೇನೂ ಅಲ್ಲ, ಆದರೆ ನಾಲ್ಕರಲ್ಲಿ ಗೆಲ್ಲುವುದು ಇದೇ. ಕಾರಣ ಸರಳ: ಅಲ್ಯೂಮಿನಿಯಂ ಗಾಜಿಗಿಂತ ಸುಮಾರು ಇನ್ನೂರು ಪಟ್ಟು ಚುರುಕಾಗಿ ಶಾಖ ಸಾಗಿಸುತ್ತದೆ. ಕೆಳಗಿನ ರಾಡಿನ ಬಿಸಿ ತಟ್ಟೆಯನ್ನು ದಾಟಿ ಹಿಟ್ಟಿಗೆ ಮುಟ್ಟಲು ತಡವಾಗುವುದಿಲ್ಲ. ಬೆಣ್ಣೆ ಪೂರ್ತಿ ಕರಗಿ ಹರಿಯುವ ಮೊದಲೇ ಸುತ್ತಲಿನ ಹಿಟ್ಟು ಗಟ್ಟಿಯಾಗಲು ಶುರುವಾಗುತ್ತದೆ. ಪದರ ಪದರವಾಗಿ ಏಳುವ ಗುಟ್ಟು ಇಷ್ಟೇ: ಬೆಣ್ಣೆಯಲ್ಲಿರುವ 16 ಶೇಕಡಾದಷ್ಟು ನೀರು ಆವಿಯಾಗಿ ಹಿಟ್ಟನ್ನು ಮೇಲೆತ್ತಬೇಕು, ಎತ್ತಿದ ಜಾಗ ಹಾಗೆಯೇ ನಿಲ್ಲಬೇಕು. ತಟ್ಟೆ ನಿಧಾನವಾಗಿ ಕಾದರೆ ಬೆಣ್ಣೆ ಮೊದಲು ಕರಗಿ ತಳದಲ್ಲಿ ಮಡುಗಟ್ಟುತ್ತದೆ. ಹಿಟ್ಟು ಅದರಲ್ಲೇ ನೆನೆಯುತ್ತದೆ.

ಅಲ್ಯೂಮಿನಿಯಂಗೂ ಒಂದು ಕೊರತೆ ಇದೆ. ಹುಳಿ ಹಣ್ಣಿನ ರಸ ಲೋಹಕ್ಕೆ ನೇರ ತಾಗಿದರೆ ಲೋಹದ ವಾಸನೆ ಹಿಡಿಯುತ್ತದೆ. ಬೇಯುವಾಗ ನಡುವೆ ಹಿಟ್ಟಿನ ಪದರ ಇರುವುದರಿಂದ ಭಯವಿಲ್ಲ. ಆದರೆ ಕತ್ತರಿಸಿದ ಮೇಲೆ ಅನಾನಸ್ ಅಥವಾ ದ್ರಾಕ್ಷಿ ಪೈಯನ್ನು ರಾತ್ರಿಯಿಡೀ ಅದರಲ್ಲೇ ಬಿಡಬೇಡಿ. ಉಳಿದದ್ದನ್ನು ಬೇರೆ ಡಬ್ಬಿಗೆ ಹಾಕಿ. ಚಾಕು ತಾಗಿ ಗೀರು ಬೀಳುವುದೂ ಇದೆ, ಅದರಿಂದ ಬೇಯುವಿಕೆಗೆ ತೊಂದರೆ ಇಲ್ಲ. ಬಿಸಾಡುವ ಫಾಯಿಲ್ ತಟ್ಟೆಗಳೂ ಅಲ್ಯೂಮಿನಿಯಮ್ಮೇ. ಚೆನ್ನಾಗಿ ಕಾದ ಟ್ರೇ ಮೇಲಿಟ್ಟರೆ ಅವು ದುಬಾರಿ ಪಿಂಗಾಣಿ ತಟ್ಟೆಗಿಂತ ಒಳ್ಳೆಯ ತಳ ಕೊಡುತ್ತವೆ. ಎತ್ತುವಾಗ ಮಾತ್ರ ಟ್ರೇ ಸಮೇತ ಎತ್ತಿ, ಇಲ್ಲದಿದ್ದರೆ ನಡುವೆ ಮಡಚಿಕೊಂಡು ಪೈ ಸೀಳುತ್ತದೆ.

ಗಾಜಿನ ತಟ್ಟೆ ಎರಡನೆಯದು. ಪೈಗೂ ಗಾಜಿಗೂ ಹಳೆಯ ನಂಟು. ಅಮೆರಿಕದ ಕಾರ್ನಿಂಗ್ ಕಂಪನಿ 1915ರಲ್ಲಿ ಪೈರೆಕ್ಸ್ ಹೆಸರಿನಲ್ಲಿ ಮಾರುಕಟ್ಟೆಗೆ ತಂದ ಮೊದಲ ಪಾತ್ರೆಗಳಲ್ಲೇ ಪೈ ತಟ್ಟೆಯೂ ಇತ್ತು. ಗಾಜಿನ ದೊಡ್ಡ ಗುಣವೆಂದರೆ ತಳ ಕಣ್ಣಿಗೆ ಕಾಣುತ್ತದೆ. ಕೈಗವಸು ಹಾಕಿಕೊಂಡು ಮೇಲೆತ್ತಿ ಕೆಳಗಿನಿಂದ ನೋಡಿದರೆ ಸಾಕು, ಬಿಳಿಯಾಗಿದೆಯೋ ಕಂದಾಗಿದೆಯೋ ಗೊತ್ತಾಗುತ್ತದೆ. ಬೇರೆ ಯಾವ ತಟ್ಟೆಯಲ್ಲೂ ಈ ಅನುಕೂಲ ಇಲ್ಲ, ಕಲಿಯುವವರಿಗೆ ಇದು ನಿಜಕ್ಕೂ ಬೆಲೆಬಾಳುವ ಗುಣ. ಆದರೆ ಕಾಯುವುದು ನಿಧಾನ. ಅಲ್ಯೂಮಿನಿಯಂ ತಟ್ಟೆಯಲ್ಲಿ 55 ನಿಮಿಷಕ್ಕೆ ಆಗುವ ಪೈ ಗಾಜಿನಲ್ಲಿ 65ರಿಂದ 70 ನಿಮಿಷ ಕೇಳಬಹುದು. ಒಮ್ಮೆ ಕಾದರೆ ಬಿಸಿ ಬಿಡುವುದೂ ನಿಧಾನ, ಹೊರತೆಗೆದ ಮೇಲೂ ಕೆಲ ನಿಮಿಷ ಅಂಚು ಬೇಯುತ್ತಲೇ ಇರುತ್ತದೆ.

ಗಾಜು ಕೊಳ್ಳುವಾಗ ಬೋರೋಸಿಲಿಕೇಟ್ ಎಂದು ಬರೆದಿದೆಯೇ ನೋಡಿ. ಬಿಸಿಗೆ ಅದು ಹಿಗ್ಗುವುದು ಸಾಮಾನ್ಯ ಸೋಡಾ-ಸುಣ್ಣದ ಗಾಜಿನ ಮೂರನೇ ಒಂದು ಪಾಲಿನಷ್ಟು ಮಾತ್ರ, ಹಾಗಾಗಿ ಬಿಸಿ-ತಂಪಿನ ಏಟು ತಡೆಯುತ್ತದೆ. ಹಾಗೆಂದು ಫ್ರೀಜರಿನಿಂದ ತೆಗೆದದ್ದನ್ನು ನೇರ ಕಾದ ಓಟಿಜಿಗೆ ಇಡಬೇಡಿ. ನಮ್ಮ ಅಡುಗೆಮನೆಗಳಲ್ಲಿ ಗಾಜು ಸೀಳುವ ಇನ್ನೊಂದು ಜಾಗ ಗ್ರಾನೈಟ್ ಕಟ್ಟೆ: 200 ಡಿಗ್ರಿಯ ತಟ್ಟೆಯನ್ನು ತಣ್ಣನೆಯ, ಅದರಲ್ಲೂ ಒದ್ದೆ ಒರೆಸಿದ ಕಲ್ಲಿನ ಮೇಲೆ ಇಟ್ಟರೆ ಟಪ್ ಎಂದು ಬಿರುಕು ಬಿಡಬಹುದು. ಒಣ ಬಟ್ಟೆ ಮಡಚಿಟ್ಟು ಅಥವಾ ಮರದ ಮಣೆಯ ಮೇಲೆ ಇಳಿಸಿ.

ಪಿಂಗಾಣಿ ತಟ್ಟೆ ಉಡುಗೊರೆಗೆ ಚೆನ್ನ. ದಪ್ಪ ಗೋಡೆ, ನಿಧಾನ ಶಾಖ, ತಳ ಕಾಣುವುದೂ ಇಲ್ಲ. ಮೊದಲೇ ಬೇಯಿಸಿದ ತಳಕ್ಕೆ ತಣ್ಣನೆಯ ಹೂರಣ ತುಂಬುವ ಪೈಗಳಿಗೆ ಬಳಸಿ. ಹಸಿ ಹಣ್ಣು ತುಂಬಿ ಎರಡು ಕಡೆ ಹಿಟ್ಟು ಹಾಕುವ ಪೈಗೆ ಕೊಳ್ಳಬೇಡಿ.

ನಾಲ್ಕನೆಯದು ತಳ ಕಳಚುವ ಕಪ್ಪು ಟಿನ್. ಆನ್‌ಲೈನಿನಲ್ಲಿ ಹುಡುಕಿದರೆ ಪದೇಪದೇ ಎದುರಾಗುವುದು ಇದೇ. ತೆಳು ಉಕ್ಕಿನ ಹಾಳೆ, ಕಪ್ಪು ನಾನ್‌ಸ್ಟಿಕ್ ಲೇಪ. ಕಪ್ಪು ಮೈ ರಾಡಿನ ಬಿಸಿಯನ್ನು ಚೆನ್ನಾಗಿ ಹೀರುವುದರಿಂದ ತಳ ಬೇಗ ಕಂದಾಗುತ್ತದೆ. ಉಷ್ಣತೆಯನ್ನು 10ರಿಂದ 15 ಡಿಗ್ರಿ ಇಳಿಸಿಕೊಳ್ಳಬೇಕು. ಪೈಯನ್ನು ಇಡಿಯಾಗಿ ಹೊರತೆಗೆದು ತೋರಿಸಬಹುದು ಎಂಬ ಸೊಗಸೂ ಇದೆ. ತೊಂದರೆ ಎಂದರೆ ರಸ ಸೋರುವುದು. ಹಿಟ್ಟಿನಲ್ಲಿ ಸೂಜಿಮೊನೆಯಷ್ಟು ತೂತು ಇದ್ದರೂ ಸಕ್ಕರೆ ರಸ ತಳದ ಸಂದಿಯಿಂದ ಇಳಿದು ರಾಡಿನ ಮೇಲೆ ಬಿದ್ದು ಸುಟ್ಟು ಹೊಗೆಯಾಗುತ್ತದೆ, ಪೈಗೆಲ್ಲ ಕರಕಲು ವಾಸನೆ. ಕೆಳಗೆ ಟ್ರೇ ಇಡಲೇಬೇಕು. ತಣ್ಣನೆಯ ಟ್ರೇ ಇಟ್ಟರೆ ಅದೇ ಕೆಳಗಿನ ಶಾಖಕ್ಕೆ ಅಡ್ಡ. ಓಟಿಜಿ ಕಾಯುವಾಗಲೇ ಟ್ರೇಯನ್ನು ಒಳಗಿಟ್ಟು ಅದೂ ಪೂರ್ತಿ ಕಾದ ಮೇಲೆ ಅದರ ಮೇಲೆ ಟಿನ್ ಇಡಿ, ಆಗ ಟ್ರೇ ಕಾದ ಕಾವಲಿಯ ಕೆಲಸ ಮಾಡುತ್ತದೆ. ಈ ಉಪಾಯ ನಾಲ್ಕೂ ತಟ್ಟೆಗಳಿಗೆ ಒಳ್ಳೆಯದು. ತೊಳೆದ ಮೇಲೆ ಟಿನ್ನಿನ ಅಂಚಿನ ಮಡಿಕೆಯಲ್ಲಿ ನೀರು ನಿಂತರೆ ತುಕ್ಕು ಹಿಡಿಯುತ್ತದೆ, ಇನ್ನೂ ಬೆಚ್ಚಗಿರುವ ಓಟಿಜಿಯಲ್ಲಿ ಐದು ನಿಮಿಷ ಇಟ್ಟು ಒಣಗಿಸಿಡಿ.

ಮನೆಯಲ್ಲಿರುವ ಸ್ಟೀಲ್ ತಟ್ಟೆ ಆಗುವುದಿಲ್ಲವೇ ಎಂದು ಕೇಳುವವರು ಬಹಳ. ಆಗುತ್ತದೆ, ಆದರೆ ಹೊಳೆಯುವ ಸ್ಟೀಲು ರಾಡಿನ ಶಾಖವನ್ನು ಹಿಂದಕ್ಕೆ ತಳ್ಳುತ್ತದೆ, ಅಲ್ಯೂಮಿನಿಯಂನಷ್ಟು ಸಮನಾಗಿ ಶಾಖ ಹರಡುವುದೂ ಇಲ್ಲ. ಹತ್ತು ನಿಮಿಷ ಹೆಚ್ಚು ಕೊಡಿ.

ತಟ್ಟೆ ಎಷ್ಟೇ ಒಳ್ಳೆಯದಿದ್ದರೂ ಓಟಿಜಿಯ ಗುಂಡಿ ಸುಳ್ಳು ಹೇಳಿದರೆ ಪ್ರಯೋಜನವಿಲ್ಲ. ಗುಂಡಿ 200 ತೋರಿಸುವಾಗ ಒಳಗೆ 175 ಇರುವುದು ಅಪರೂಪವೇನಲ್ಲ. ಒಲೆಯೊಳಗೆ ಇಡುವ ಥರ್ಮಾಮೀಟರ್ ಇದ್ದರೆ ಚಿಂತೆಯಿಲ್ಲ. ಇಲ್ಲದಿದ್ದರೆ ಸಕ್ಕರೆಯ ಪರೀಕ್ಷೆ ಮಾಡಿ: ಸಕ್ಕರೆ ಕರಗುವುದು ಸುಮಾರು 186 ಡಿಗ್ರಿಯಲ್ಲಿ. ಫಾಯಿಲಿನ ಪುಟ್ಟ ಬಟ್ಟಲಿನಲ್ಲಿ ಒಂದು ಚಮಚ ಸಕ್ಕರೆ ಹಾಕಿ 175ಕ್ಕೆ ಕಾಲು ಗಂಟೆ ಇಡಿ, ಹರಳು ಹಾಗೇ ಇರಬೇಕು. ಇನ್ನೊಂದು ಚಮಚವನ್ನು 190ಕ್ಕೆ ಕಾಲು ಗಂಟೆ ಇಡಿ, ಕರಗಬೇಕು. ಎರಡರಲ್ಲಿ ಯಾವುದು ತಪ್ಪಿದರೂ ಎಷ್ಟು ಹಿಂದುಮುಂದಾಗಿದೆ ಎಂದು ಅಂದಾಜು ಸಿಗುತ್ತದೆ. ಮುಂಚೆ ಕಾಯಿಸುವಾಗ ದೀಪ ಆರಿದೊಡನೆ ತಟ್ಟೆ ಇಡುವುದು ದುಡುಕು. ಆಗ ಗಾಳಿ ಮಾತ್ರ ಕಾದಿರುತ್ತದೆ, ಗೋಡೆ ಮತ್ತು ಟ್ರೇ ಕಾದಿರುವುದಿಲ್ಲ. ಇನ್ನೂ 10ರಿಂದ 15 ನಿಮಿಷ ಬಿಡಿ. ಮೈಕ್ರೋವೇವಿನ ಕನ್ವೆಕ್ಷನ್ ಬಳಸುವವರಿಗೆ ಒಂದು ಮಾತು: ಅದರಲ್ಲಿ ಸಾಮಾನ್ಯವಾಗಿ ಕೆಳಗೆ ರಾಡ್ ಇರುವುದಿಲ್ಲ, ಬಿಸಿಗಾಳಿಯೊಂದೇ. ಅಂಥ ಕಡೆ ತಳವನ್ನು ಮೊದಲೇ ಪ್ರತ್ಯೇಕವಾಗಿ ಬೇಯಿಸಿಕೊಳ್ಳದೆ ಬೇರೆ ದಾರಿಯಿಲ್ಲ. ಲೋಹದ ತಟ್ಟೆ ಇಡಬಹುದೇ ಎಂಬುದನ್ನು ಯಂತ್ರದ ಕೈಪಿಡಿಯಲ್ಲಿ ನೋಡಿಕೊಂಡೇ ಇಡಿ.

ಈಗ ಕಣಕ. ಹೋಳಿಗೆಯ ಕಣಕ ಗೊತ್ತಿದ್ದವರು ಅದನ್ನು ಪೂರ್ತಿ ಮರೆತು ಕೂರಬೇಕು. ಅಲ್ಲಿ ನಾದಿದಷ್ಟೂ, ಎಣ್ಣೆಯಲ್ಲಿ ನೆನೆದಷ್ಟೂ ಒಳ್ಳೆಯದು, ಎಳೆದರೆ ರಬ್ಬರಿನ ಹಾಗೆ ಬರಬೇಕು. ಇಲ್ಲಿ ನಾದಿದರೆ ಕೆಟ್ಟಿತು. ಎರಡೂ ಕಡೆಗೆ ಸಾಲುವ ಲೆಕ್ಕ: ಮೈದಾ 300 ಗ್ರಾಂ, ಬೆಣ್ಣೆ 200 ಗ್ರಾಂ, ಸಕ್ಕರೆ ಎರಡು ಚಮಚ, ಐಸ್ ನೀರು 90ರಿಂದ 100 ಮಿಲಿಲೀಟರ್. ಉಪ್ಪಿಲ್ಲದ ಬೆಣ್ಣೆಯಾದರೆ ಮುಕ್ಕಾಲು ಚಮಚ ಉಪ್ಪು. ಬ್ರೆಡ್ಡಿಗೆ ಹಚ್ಚುವ ಉಪ್ಪಿನ ಬೆಣ್ಣೆಯಾದರೆ ಬೇಡವೇ ಬೇಡ. ಬೆಣ್ಣೆಯನ್ನು ಒಂದೂವರೆ ಸೆಂಟಿಮೀಟರಿನ ತುಂಡುಗಳಾಗಿ ಕತ್ತರಿಸಿ ಕಾಲು ಗಂಟೆ ಫ್ರೀಜರಿನಲ್ಲಿಡಿ. ಮೈದಾವನ್ನೂ ಇಡಿ. ಮಂಗಳೂರಿನ ಸೆಕೆಗೋ ಬಳ್ಳಾರಿಯ ಬೇಸಿಗೆಗೋ ಇದಿಲ್ಲದೆ ನಡೆಯದು. ಬೆಣ್ಣೆ 32 ಡಿಗ್ರಿ ದಾಟಿದರೆ ಎಣ್ಣೆಯಾಗುತ್ತಾ ಬರುತ್ತದೆ, ಅಂಗೈ ಬಿಸಿಯೇ ಅದಕ್ಕೆ ಸಾಕು. ಆದ್ದರಿಂದ ಅಂಗೈ ಬೇಡ, ಬೆರಳ ತುದಿಯಿಂದ ಒಂದೊಂದೇ ತುಂಡನ್ನು ಹಿಟ್ಟಿನೊಳಗೆ ಚಪ್ಪಟೆ ಒತ್ತಿ. ಕೆಲವು ಕಡಲೆಬೇಳೆಯಷ್ಟು, ಕೆಲವು ಅವರೆಕಾಳಿನಷ್ಟು ಉಳಿಯಬೇಕು. ತೀರಾ ಸೆಕೆಯಿದ್ದರೆ ಗಟ್ಟಿ ಬೆಣ್ಣೆಯನ್ನು ತುರಿಯುವ ಮಣೆಯಲ್ಲಿ ತುರಿದು ಹಾಕಿ.

ನೀರನ್ನು ಚಮಚ ಚಮಚವಾಗಿ ಚಿಮುಕಿಸಿ. ಮುಷ್ಟಿಯಲ್ಲಿ ಹಿಡಿದರೆ ಉಂಡೆ ನಿಲ್ಲಬೇಕು, ಬೆರಳಿಗೆ ಅಂಟಬಾರದು. ಅಲ್ಲಿಗೆ ನಿಲ್ಲಿಸಿ. ಒಂದು 320 ಗ್ರಾಂ, ಇನ್ನೊಂದು 270 ಗ್ರಾಂ, ಹೀಗೆ ಎರಡು ಬಿಲ್ಲೆ ಮಾಡಿ ಮುಚ್ಚಿ ಫ್ರಿಜ್‌ನಲ್ಲಿ ಕನಿಷ್ಠ ಒಂದು ಗಂಟೆ. ದೊಡ್ಡದನ್ನು 3 ಮಿಲಿಮೀಟರ್ ದಪ್ಪಕ್ಕೆ, 12 ಇಂಚು ಅಗಲಕ್ಕೆ ಲಟ್ಟಿಸಿ ಲಟ್ಟಣಿಗೆಗೆ ಸುತ್ತಿ ತಟ್ಟೆಯ ಮೇಲೆ ಬಿಚ್ಚಿ. ಮೂಲೆಗೆ ಹಿಟ್ಟನ್ನು ಎಳೆಯಬೇಡಿ, ಎತ್ತಿ ಇಳಿಬಿಡಿ. ಎಳೆದ ಹಿಟ್ಟು ಒಲೆಯಲ್ಲಿ ತನ್ನ ಮೊದಲ ಜಾಗಕ್ಕೇ ಹಿಂದಿರುಗುತ್ತದೆ. ಅಂಚು ಕುಗ್ಗಿ ಒಳಗೆ ಜಾರುವುದು ಬಹುಪಾಲು ಇದೇ ಕಾರಣಕ್ಕೆ.

ಬೆಣ್ಣೆಯ ಬದಲು ತುಪ್ಪ ಹಾಕಿದರೆ? ತುಪ್ಪದಲ್ಲಿ ನೀರಿಲ್ಲ, ಆವಿಯಿಲ್ಲ, ಪದರವೂ ಇಲ್ಲ. ನಾನ್‌ಖಟಾಯಿಯ ಹಾಗೆ ಪುಡಿಪುಡಿಯಾದ, ರುಚಿಯಾದ ತಳ ಬರುತ್ತದೆ. ಹಲಸಿನ ಪೈಗೆ ಅದೇ ಹೆಚ್ಚು ಒಪ್ಪುತ್ತದೆ. 300 ಗ್ರಾಂ ಮೈದಾಕ್ಕೆ ಗಟ್ಟಿ ತುಪ್ಪ 160 ಗ್ರಾಂ ಸಾಕು.

ತಳವನ್ನು ಮೊದಲೇ ಬೇಯಿಸುವುದಾದರೆ ಮೇಲೆ ಕಾಗದ ಹಾಸಿ ಒಣ ಕಡಲೆಕಾಳು ತುಂಬಿ 190 ಡಿಗ್ರಿಯಲ್ಲಿ 20 ನಿಮಿಷ, ಕಾಳು ತೆಗೆದು ಇನ್ನೂ 8ರಿಂದ 10 ನಿಮಿಷ. ಇಲ್ಲಿ ಎಡವುವ ಜಾಗ ಕಾಗದ. ಬಟರ್ ಪೇಪರ್ ಎಂದು ಅಂಗಡಿಯಲ್ಲಿ ಕೊಡುವುದೆಲ್ಲ ಒಲೆಗೆ ಆಗುವುದಿಲ್ಲ. ಕೆಲವು ಬರೀ ತಿಂಡಿ ಸುತ್ತಲು ಇರುವ ಕಾಗದ, ಹಿಟ್ಟಿಗೆ ಅಂಟಿಕೊಂಡು ಸಿಪ್ಪೆಸಿಪ್ಪೆಯಾಗಿ ಬರುತ್ತದೆ, ಮೇಣದ್ದಾದರೆ ಹೊಗೆಯೂ ಏಳುತ್ತದೆ. ಬೇಕಿಂಗ್ ಪಾರ್ಚ್ಮೆಂಟ್ ಎಂದು, ಎಷ್ಟು ಡಿಗ್ರಿ ತಡೆಯುತ್ತದೆ ಎಂದು ಪೊಟ್ಟಣದ ಮೇಲೆ ಬರೆದಿರುವುದನ್ನೇ ಕೊಳ್ಳಿ. ಬೇಯಿಸಿದ ಕಡಲೆಕಾಳು ಮತ್ತೆ ಅಡುಗೆಗೆ ಬಾರದು, ಆದರೆ ಡಬ್ಬಿಯಲ್ಲಿಟ್ಟರೆ ಇದೇ ಕೆಲಸಕ್ಕೆ ಎಷ್ಟು ಸಲವಾದರೂ ಆಗುತ್ತದೆ.

ಹೂರಣದ ಮಾತಿಗೆ ಬಂದರೆ, ಪೈಯ ಶತ್ರು ಹಣ್ಣಿನ ನೀರು. ಹಣ್ಣಿನ ತೂಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ನೀರೇ. ಸಕ್ಕರೆ ತಾಗಿದೊಡನೆ ಅದು ಹೊರಬರುತ್ತದೆ. ಒಲೆಯೊಳಗೆ ಬಂದರೆ ತಳ ಮುಳುಗುತ್ತದೆ, ಒಲೆಗೆ ಹಾಕುವ ಮೊದಲೇ ಬರಿಸಿದರೆ ನಮ್ಮ ಹತೋಟಿಯಲ್ಲಿರುತ್ತದೆ. ಆದ್ದರಿಂದ ಮುಂದೆ ಬೇರೆ ವಿಧಾನ ಹೇಳಿರದಿದ್ದರೆ ಯಾವ ಹಣ್ಣಾದರೂ ಹೆಚ್ಚಿ ಸಕ್ಕರೆ ಬೆರೆಸಿ 45 ನಿಮಿಷ ಬಿಡಿ, ಇಳಿದ ರಸವನ್ನು ಸೋಸಿ ಬಾಣಲೆಯಲ್ಲಿ ಅರ್ಧಕ್ಕೆ ಕುದಿಸಿ, ಎರಡು ಚಮಚ ತಣ್ಣೀರಿನಲ್ಲಿ ಕಲಸಿದ ಕಾರ್ನ್‌ಫ್ಲೋರ್ ಹಾಕಿ ಒಂದು ಕುದಿ ಬರಿಸಿ, ಹಣ್ಣಿಗೆ ಬೆರೆಸಿ ಪೂರ್ತಿ ಆರಿಸಿ. ಬಿಸಿ ಹೂರಣ ತುಂಬಿದರೆ ಒಲೆಗೆ ಹೋಗುವ ಮೊದಲೇ ತಳದ ಬೆಣ್ಣೆ ಕರಗಿ ಪದರ ಹೋಯಿತು. ಹಾಸಿದ ಹಿಟ್ಟಿನ ಮೇಲೆ ಒಂದು ದೊಡ್ಡ ಚಮಚ ಚಿರೋಟಿ ರವೆ ಉದುರಿಸಿ ಆಮೇಲೆ ಹೂರಣ ಹರಡಿ. ಮೊದಲು ಇಳಿಯುವ ರಸವನ್ನು ಅದು ಕುಡಿದುಬಿಡುತ್ತದೆ, ತಿನ್ನುವಾಗ ಬಾಯಿಗೆ ಗೊತ್ತೂ ಆಗುವುದಿಲ್ಲ.

ಕಾರ್ನ್‌ಫ್ಲೋರ್ ಪೂರ್ತಿ ಗಟ್ಟಿಯಾಗುವುದು 95 ಡಿಗ್ರಿಯ ಆಸುಪಾಸಿನಲ್ಲಿ. ಅದಕ್ಕೆ ಮೊದಲೇ ಇಳಿಸಿದರೆ ಹಸಿ ಹಿಟ್ಟಿನ ರುಚಿ, ನೀರು ನೀರು. ತುಂಬ ಹೊತ್ತು ಕುದಿಸಿ ತಿರುವುತ್ತಲೇ ಇದ್ದರೂ ಸಡಿಲಾಗುತ್ತದೆ, ಹುಳಿ ಹೆಚ್ಚಿದ್ದರೆ ಇನ್ನೂ ಬೇಗ. ನಿಂಬೆರಸವನ್ನು ಕೊನೆಗೆ ಹಾಕುವುದು ಇದಕ್ಕೇ. ಪೈಯನ್ನು ಫ್ರೀಜರಿನಲ್ಲಿ ಇಡುವ ಯೋಚನೆ ಇದ್ದರೆ ಮರಗೆಣಸಿನ ಪಿಷ್ಟ ವಾಸಿ. ಕಾರ್ನ್‌ಫ್ಲೋರಿನ ಹೂರಣ ಕರಗಿದಾಗ ನೀರು ಬಿಟ್ಟುಕೊಳ್ಳುತ್ತದೆ.

ಇನ್ನು ಹಣ್ಣುಗಳು. ಬೆಂಗಳೂರು ನೀಲಿ ದ್ರಾಕ್ಷಿಯಿಂದ ಶುರು ಮಾಡಬೇಕು, ಏಕೆಂದರೆ ಪೈಗೆ ಇಷ್ಟು ಒಪ್ಪುವ ಹಣ್ಣು ನಮ್ಮ ನೆಲದಲ್ಲಿ ಇನ್ನೊಂದಿಲ್ಲ. ಬೆಂಗಳೂರಿನ ಸುತ್ತಮುತ್ತ, ಚಿಕ್ಕಬಳ್ಳಾಪುರ, ಕೋಲಾರದ ಕಡೆ ಬೆಳೆಯುವ ಈ ಹುಳಿ-ಸಿಹಿ ಬೀಜದ ದ್ರಾಕ್ಷಿಗೆ 2013ರಲ್ಲಿ ಭೌಗೋಳಿಕ ಗುರುತು (ಜಿಐ ಟ್ಯಾಗ್) ಸಿಕ್ಕಿದೆ. ಇದು ಅಮೆರಿಕದ ಲ್ಯಾಬ್ರಸ್ಕಾ ಜಾತಿಯ ಬಳ್ಳಿ. ಅಲ್ಲಿನ ಕಾಂಕರ್ಡ್ ದ್ರಾಕ್ಷಿಯ ಬಳಗ. ನ್ಯೂಯಾರ್ಕ್ ರಾಜ್ಯದ ನೇಪಲ್ಸ್ ಎಂಬ ಊರು ಕಾಂಕರ್ಡ್ ದ್ರಾಕ್ಷಿಯ ಪೈಗೇ ಹೆಸರಾದ ಊರು. ಅವರ ವಿಧಾನ ನಮ್ಮ ದ್ರಾಕ್ಷಿಗೆ ಹೇಳಿ ಮಾಡಿಸಿದಂತೆ ಕೂರುತ್ತದೆ. ಒಂದು ಹಣ್ಣನ್ನು ಎರಡು ಬೆರಳ ನಡುವೆ ಹಿಡಿದು ತೊಟ್ಟಿನ ಬದಿ ಕೆಳಗೆ ಮಾಡಿ ಮೆಲ್ಲಗೆ ಅಮುಕಿ: ಹಸಿರು ತಿರುಳು ಪುಳಕ್ಕನೆ ಬಟ್ಟಲಿಗೆ ಜಾರುತ್ತದೆ, ಕಪ್ಪು ಸಿಪ್ಪೆ ಬೆರಳಲ್ಲೇ ಖಾಲಿ ಚೀಲದ ಹಾಗೆ ಉಳಿಯುತ್ತದೆ. ಹಸಿರು ದ್ರಾಕ್ಷಿಗಳಲ್ಲಿ ಹೀಗೆ ಸಿಪ್ಪೆ ಕಳಚುವುದಿಲ್ಲ.

1 ಕಿಲೋ ದ್ರಾಕ್ಷಿಯ ಸಿಪ್ಪೆ ಒಂದು ಪಾತ್ರೆಗೆ, ತಿರುಳು ಇನ್ನೊಂದಕ್ಕೆ. ಅರ್ಧ ಗಂಟೆಯ ಕೆಲಸ, ಇದರಲ್ಲಿ ಅಡ್ಡದಾರಿ ಇಲ್ಲ. ಮಿಕ್ಸಿಗೆ ಹಾಕಿದರೆ ಬೀಜ ಒಡೆದು ಕಹಿಯಾಗುತ್ತದೆ. ತಿರುಳನ್ನು ನೀರು ಹಾಕದೆ ಸಣ್ಣ ಉರಿಯಲ್ಲಿ 6ರಿಂದ 8 ನಿಮಿಷ ಬೇಯಿಸಿ. ತಿರುಳು ಕದಡಿ ಬೀಜ ಬಿಟ್ಟುಕೊಂಡಾಗ ಜರಡಿಯಲ್ಲಿ ಚಮಚದಿಂದ ಒತ್ತಿ ಸೋಸಿ. ಸೋಸಿದ್ದಕ್ಕೆ ಸಿಪ್ಪೆಗಳನ್ನು ಸೇರಿಸಿ ಮತ್ತೆ 5 ನಿಮಿಷ ಕುದಿಸಿದರೆ ಬಣ್ಣವೆಲ್ಲ ಇಳಿದು ಕಡು ನೇರಳೆಯಾಗುತ್ತದೆ. 150 ಗ್ರಾಂ ಸಕ್ಕರೆ, 35 ಗ್ರಾಂ ಕಾರ್ನ್‌ಫ್ಲೋರ್, ಚಿಟಿಕೆ ಉಪ್ಪು. ಕುದಿ ಬಂದು ಒಂದು ನಿಮಿಷಕ್ಕೆ ಇಳಿಸಿ ಒಂದು ಚಮಚ ನಿಂಬೆರಸ. ಏಲಕ್ಕಿ, ಲವಂಗ ಏನೂ ಬೇಡ, ಹಣ್ಣಿನದೇ ಕಸ್ತೂರಿಯಂಥ ಪರಿಮಳ ಸಾಕು. ಈ ಹೂರಣ ಮೊದಲೇ ಬೆಂದಿರುವುದರಿಂದ ನಾಲ್ಕೂ ತಟ್ಟೆಗಳಲ್ಲಿ ಚೆನ್ನಾಗಿ ಬರುತ್ತದೆ, ಗಾಜಿನಲ್ಲೂ.

ಸೇಬು ತಟ್ಟೆಯ ನಿಜವಾದ ಪರೀಕ್ಷೆ. ಮಾರುಕಟ್ಟೆಯ ಕೆಂಪು ಡೆಲಿಷಿಯಸ್ ತಿನ್ನಲು ಚೆನ್ನ, ಪೈಗಲ್ಲ: ಹುಳಿ ಸಾಲದು, ಬೆಂದರೆ ಮುದ್ದೆ. ಹಸಿರು ಗ್ರ್ಯಾನಿ ಸ್ಮಿತ್ ಒಂದೇ ಹಾಕಿ, ದುಬಾರಿ ಎನಿಸಿದರೆ ಅರ್ಧಕ್ಕರ್ಧ. 1.2 ಕಿಲೋ ಸೇಬು, 6 ಮಿಲಿಮೀಟರಿನ ಹೋಳು, 120 ಗ್ರಾಂ ಸಕ್ಕರೆ, 20 ಗ್ರಾಂ ಕಾರ್ನ್‌ಫ್ಲೋರ್, ಒಂದು ಚಮಚ ದಾಲ್ಚಿನ್ನಿ ಪುಡಿ, ಒಂದು ನಿಂಬೆ. ಹಸಿ ಹೋಳು ತುಂಬಿದರೆ ಅದು ಒಳಗೆ ಕುಗ್ಗುತ್ತದೆ, ಮುಚ್ಚಳ ಮೇಲೇ ನಿಂತು ನಡುವೆ ಗುಹೆಯಂಥ ಟೊಳ್ಳು. ಅದಕ್ಕೆ ಮೊದಲು ದಪ್ಪ ತಳದ ಪಾತ್ರೆಯಲ್ಲಿ ಮುಚ್ಚಿಟ್ಟು ಅತಿ ಸಣ್ಣ ಉರಿಯಲ್ಲಿ 65ರಿಂದ 70 ಡಿಗ್ರಿಯಲ್ಲಿ 15 ನಿಮಿಷ ಇಡಿ, ಕುದಿಯಬಾರದು. ಆ ಶಾಖದಲ್ಲಿ ಹಣ್ಣಿನ ಪೆಕ್ಟಿನ್ (ತಿರುಳನ್ನು ಹಿಡಿದಿಡುವ ಅಂಟು) ಗಟ್ಟಿಗೊಳ್ಳುತ್ತದೆ, ಆಮೇಲೆ ಒಲೆಯಲ್ಲಿ ಎಷ್ಟು ಬೆಂದರೂ ಹೋಳು ಹೋಳಾಗಿಯೇ ಉಳಿಯುತ್ತದೆ.

ಅನಾನಸ್ ಮಧ್ಯಮ ಗಾತ್ರದ್ದು ಒಂದು, ತಿರುಳು 800 ಗ್ರಾಂ. ಒಂದು ಸೆಂಟಿಮೀಟರಿನ ತುಂಡು ಮಾಡಿ, 120 ಗ್ರಾಂ ಬೆಲ್ಲ ಹಾಕಿ ಹತ್ತು ನಿಮಿಷ ಕುದಿಸಿ, 25 ಗ್ರಾಂ ಕಾರ್ನ್‌ಫ್ಲೋರ್. ಮೆಣಸ್ಕಾಯಿ, ಗೊಜ್ಜು ಉಂಡವರಿಗೆ ಅನಾನಸ್-ಬೆಲ್ಲ-ಖಾರದ ಹೊಂದಾಣಿಕೆ ಹೇಳಿಕೊಡಬೇಕಿಲ್ಲ. ಕಾಲು ಚಮಚ ಕಾಳುಮೆಣಸು ಕುಟ್ಟಿ ಹಾಕಿ, ಮುಚ್ಚಳದ ಮೇಲೆ ಎಳ್ಳು ಉದುರಿಸಿ. ಪ್ರಯೋಗದ ಹೂರಣಗಳಲ್ಲಿ ದ್ರಾಕ್ಷಿ ಬಿಟ್ಟರೆ ಅತ್ಯುತ್ತಮ ಇದು. ಹಸಿ ಅನಾನಸನ್ನು ಹಾಲು, ಕೆನೆಯ ಜೊತೆ ಬೆರೆಸಬೇಡಿ, ಅದರ ಕಿಣ್ವ ಹಾಲಿನ ಪ್ರೋಟೀನನ್ನು ಕತ್ತರಿಸಿ ಕಹಿ ಮಾಡುತ್ತದೆ. ಕುದಿಸಿದ ಮೇಲೆ ತೊಂದರೆಯಿಲ್ಲ.

ಮಾವಿನಲ್ಲಿ ಎಲ್ಲರೂ ಬಾದಾಮಿಗೆ ಕೈ ಹಾಕುತ್ತಾರೆ, ಅದು ತಪ್ಪು. ಬಾದಾಮಿಯ ಪರಿಮಳ ಒಲೆಯ ಬಿಸಿಗೆ ಮಂಕಾಗುತ್ತದೆ, ತಿರುಳು ಕರಗುತ್ತದೆ. ರಸಪುರಿ ಹೆಸರಿಗೆ ತಕ್ಕಂತೆ ರಸ. ಪೈಗೆ ಬೇಕಾದ್ದು ಅರ್ಧ ಮಾಗಿದ ತೋತಾಪುರಿ: ಗಟ್ಟಿ, ಹುಳಿ, ನಾರು ಕಡಿಮೆ. 750 ಗ್ರಾಂ ತುಂಡಿಗೆ ಸಕ್ಕರೆ 100 ಗ್ರಾಂ, ಕಾರ್ನ್‌ಫ್ಲೋರ್ 25 ಗ್ರಾಂ, ಕಾಲು ಚಮಚ ಏಲಕ್ಕಿ. ಬಾದಾಮಿಯೇ ಬೇಕೆಂದರೆ ತಳವನ್ನು ಪೂರ್ತಿ ಬೇಯಿಸಿ ಆರಿಸಿ, ಹಸಿ ಹೋಳನ್ನು ಮೇಲೆ ಜೋಡಿಸಿ. ಪಿಂಗಾಣಿ ತಟ್ಟೆ ಇಲ್ಲಿ ಕೆಲಸಕ್ಕೆ ಬರುತ್ತದೆ.

ನೇರಳೆ ಹಣ್ಣಿನ ಬಣ್ಣಕ್ಕೆ ಸಾಟಿಯಿಲ್ಲ, ಒಗರೇ ಅಡ್ಡಿ. ಅದೊಂದನ್ನೇ ಹಾಕದೆ ಅರ್ಧಕ್ಕರ್ಧ ಸೇಬು ಸೇರಿಸಿ, ಕೆನೆ ಅಥವಾ ಐಸ್‌ಕ್ರೀಮಿನ ಜೊತೆ ಬಡಿಸಿ. ಹಾಲಿನ ಪ್ರೋಟೀನು ಒಗರನ್ನು ಹಿಡಿದುಕೊಳ್ಳುತ್ತದೆ. ಬಕ್ಕೆ (ಗಟ್ಟಿ ತೊಳೆಯ) ಹಲಸಿನ ತೊಳೆ 600 ಗ್ರಾಂ ಸಣ್ಣಗೆ ಹೆಚ್ಚಿ, 60 ಗ್ರಾಂ ಕಾಯಿತುರಿ, 40 ಗ್ರಾಂ ಬೆಲ್ಲ, ಎರಡು ದೊಡ್ಡ ಚಮಚ ನಿಂಬೆರಸ. ನಿಂಬೆ ಕಡಿಮೆ ಮಾಡಿದರೆ ಎರಡನೇ ತುತ್ತಿಗೆ ಮೊಗಮುರಿಯುತ್ತದೆ. ಹಲಸಿನಲ್ಲಿ ರಸ ಕಡಿಮೆ, ಕಾರ್ನ್‌ಫ್ಲೋರ್ ಒಂದು ಚಮಚ ಸಾಕು.

ತುಂಬಿ, ಮುಚ್ಚಳ ಹಾಕಿ, ಅಂಚನ್ನು ನೀರು ಸವರಿ ಕರ್ಜಿಕಾಯಿಯ ಹಾಗೆ ಮಡಚಿ ಒತ್ತಿ, ಮೇಲೆ ನಾಲ್ಕೈದು ಸೀಳು ಕೊಡಿ. ಮೊಟ್ಟೆ ಬೇಡದವರು ಹಾಲಿಗೆ ಸ್ವಲ್ಪ ಸಕ್ಕರೆ ಕರಗಿಸಿ ಸವರಿದರೆ ಬಣ್ಣ ಬರುತ್ತದೆ. ಲೋಹದ ತಟ್ಟೆಯಾದರೆ 20 ನಿಮಿಷ ಫ್ರೀಜರಿನಲ್ಲಿಟ್ಟು, ಗಾಜಾದರೆ ಫ್ರಿಜ್‌ನಲ್ಲಿ ಮಾತ್ರ ಇಟ್ಟು ಸ್ವಲ್ಪ ಹೊರಗಿರಿಸಿ, ಕಾದ ಟ್ರೇ ಮೇಲೆ ಕೆಳಗಿನ ಮೆಟ್ಟಿಲಲ್ಲಿ ಇಡಿ. ಮೊದಲ 20 ನಿಮಿಷ 210 ಡಿಗ್ರಿ, ಕೆಳಗಿನ ರಾಡ್ ಮಾತ್ರ. ಆಮೇಲೆ 185ಕ್ಕೆ ಇಳಿಸಿ ಎರಡೂ ರಾಡ್, 35ರಿಂದ 45 ನಿಮಿಷ. ಅಂಚು ಬೇಗ ಕಪ್ಪಾಗುತ್ತಿದ್ದರೆ ಫಾಯಿಲಿನ ಬಳೆ ಮಾಡಿ ಹೊದಿಸಿ.

ಆಯಿತು ಎಂದು ತಿಳಿಯಲು ಬಣ್ಣ ನಂಬಬೇಡಿ, ಸೀಳಿನಲ್ಲಿ ಗುಳ್ಳೆ ನೋಡಿ. ಮೊದಲು ಬರುವ ಗುಳ್ಳೆ ಚಿಕ್ಕದು, ಚುರುಕು, ನೀರು ಕುದಿಯುವ ಹಾಗೆ. ಹದ ಬಂದಾಗ ಗುಳ್ಳೆ ದೊಡ್ಡದಾಗಿ, ರಾಗಿ ಅಂಬಲಿ ಕುದಿಯುವಂತೆ ಪುಳುಕ್ ಪುಳುಕ್ ಎಂದು ನಿಧಾನಕ್ಕೆ ಒಡೆಯುತ್ತದೆ, ಒಡೆದ ಗುರುತು ಅರೆಕ್ಷಣ ಹಾಗೇ ನಿಲ್ಲುತ್ತದೆ. ಅಂಚಿನ ಸೀಳಿನಲ್ಲಿ ಅಲ್ಲ, ನಡುವಿನ ಸೀಳಿನಲ್ಲಿ ಇದು ಕಾಣಬೇಕು. ಅಲ್ಲಿಂದ ಮುಂದೆ ಐದು ನಿಮಿಷ ಬಿಟ್ಟು ತೆಗೆಯಿರಿ.

ಒಂದೇ ತಟ್ಟೆ ಕೊಳ್ಳುವುದಾದರೆ 3 ಸೆಂಟಿಮೀಟರ್ ಆಳದ ಸಾದಾ ಅಲ್ಯೂಮಿನಿಯಂ. ಎರಡನೆಯದಕ್ಕೆ ಬೋರೋಸಿಲಿಕೇಟ್ ಗಾಜು, ತಳ ಬೇಯುವುದನ್ನು ಕಣ್ಣಾರೆ ಕಲಿಯಲು. ಕಪ್ಪು ಟಿನ್ ಹಲಸಿನಂಥ ರಸ ಕಡಿಮೆಯ ಅಥವಾ ದ್ರಾಕ್ಷಿಯಂಥ ಮೊದಲೇ ಬೇಯಿಸಿದ ಹೂರಣಕ್ಕೆ ಮಾತ್ರ.

ಯಾವ ತಟ್ಟೆಯಲ್ಲೇ ಬೇಯಿಸಿ, ಜಾಲರಿಯ ಮೇಲಿಟ್ಟು ಆರಿಸಿ, ಕೆಳಗೆ ಗಾಳಿ ಆಡದಿದ್ದರೆ ಆವಿ ಬೆವರಾಗಿ ಗರಿಗರಿ ತಳ ಮತ್ತೆ ಮೆತ್ತಗಾಗುತ್ತದೆ. ಕತ್ತರಿಸಲು ಮೂರು ಗಂಟೆಯಾದರೂ ಬೇಕು, ದ್ರಾಕ್ಷಿಗೆ ನಾಲ್ಕು. ಬಿಸಿಯಾಗಿಯೇ ತಿನ್ನಬೇಕೆಂದರೆ ಪೂರ್ತಿ ಆರಿದ ಮೇಲೆ ಕತ್ತರಿಸಿದ ತುಂಡನ್ನು 160 ಡಿಗ್ರಿಯಲ್ಲಿ ಎಂಟು ನಿಮಿಷ ಮತ್ತೆ ಕಾಯಿಸಿಕೊಳ್ಳಿ, ಮೈಕ್ರೋವೇವಿನಲ್ಲಿ ಬೇಡ.